ಅಮೆರಿಕದ ಜನಪ್ರತಿನಿಧಿಯ ಪ್ರಾಮಾಣಿಕತೆಯನ್ನು ಸಾರ್ವಜನಿಕ ದಾಖಲೆಗಳಲ್ಲಿ ಪರಿಶೀಲಿಸುವುದು ಹೇಗೆ

2003ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದ ಊರಾದ ಡೆಲ್ ಮಾರ್‌ನಲ್ಲಿ ಒಂದು ಮನೆ 16,75,000 ಡಾಲರಿಗೆ ಕ್ರಯವಾಯಿತು. ಕೊಂಡವರು ಮರುವರ್ಷ ಅದನ್ನು 9,75,000 ಡಾಲರಿಗೆ ಮಾರಿ ಏಳು ಲಕ್ಷ ಡಾಲರ್ ಕಳೆದುಕೊಂಡರು. ಆ ಭಾಗದಲ್ಲಿ ಮನೆಗಳ ಬೆಲೆ ಏರುತ್ತಲೇ ಇದ್ದ ಕಾಲವದು. ಮೊದಲು ಮಾರಿದವರು ಪ್ರತಿನಿಧಿ ಸಭೆಯ ಸದಸ್ಯರಾಗಿದ್ದು, ರಕ್ಷಣಾ ವೆಚ್ಚವನ್ನು ಹಂಚುವ ಉಪಸಮಿತಿಯಲ್ಲಿದ್ದ ರ್ಯಾಂಡಿ ಕನ್ನಿಂಗ್‌ಹ್ಯಾಮ್. ಅವರಿಂದ ಕೊಂಡವರು ಮಿಚೆಲ್ ವೇಡ್ ಎಂಬ ರಕ್ಷಣಾ ಗುತ್ತಿಗೆದಾರ. ಸ್ಯಾನ್ ಡಿಯೇಗೊ ನಗರದ ಪತ್ರಿಕೆಯೊಂದು 2005ರ ಜೂನ್‌ನಲ್ಲಿ ಈ ಎರಡು ಕ್ರಯಗಳ ಕಥೆಯನ್ನು ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಕನ್ನಿಂಗ್‌ಹ್ಯಾಮ್ ಸುಮಾರು 24 ಲಕ್ಷ ಡಾಲರ್ ಲಂಚ ಪಡೆದ ತಪ್ಪನ್ನು ಒಪ್ಪಿಕೊಂಡರು, 2006ರ ಮಾರ್ಚ್‌ನಲ್ಲಿ ಅವರಿಗೆ 8 ವರ್ಷ 4 ತಿಂಗಳ ಸೆರೆವಾಸ ವಿಧಿಸಲಾಯಿತು. ಸಂಸತ್ತಿನ ಮುದ್ರೆಯಿದ್ದ ಚೀಟಿಯ ಮೇಲೆ ಅವರು ಬರೆದಿದ್ದ ದರಪಟ್ಟಿಯೂ ನ್ಯಾಯಾಲಯದ ಮುಂದೆ ಬಂತು: 1 ಕೋಟಿ 60 ಲಕ್ಷ ಡಾಲರಿನ ಗುತ್ತಿಗೆಗೆ 1,40,000 ಡಾಲರಿನ ದೋಣಿ, ಅದರ ಮೇಲಿನ ಪ್ರತಿ ಹತ್ತು ಲಕ್ಷಕ್ಕೆ 50,000 ಡಾಲರ್, ಗುತ್ತಿಗೆ ಇನ್ನೂ ದೊಡ್ಡದಾದರೆ 25,000ಕ್ಕೆ ಇಳಿಯುವ ರಿಯಾಯಿತಿ. ‘ಪರ್ಸೆಂಟೇಜ್’ ಎಂಬ ಮಾತು ಕೇಳಿ ಬೆಳೆದ ನಮ್ಮಂಥವರಿಗೆ ಈ ಚೀಟಿಯನ್ನು ವಿವರಿಸಬೇಕಾಗಿಲ್ಲ.

ಈ ಪ್ರಕರಣದ ಮೊದಲ ಎಳೆ ಸಿಕ್ಕಿದ್ದು ಯಾರು ಬೇಕಾದರೂ ಕೇಳಿ ನೋಡಬಹುದಾದ ಕ್ರಯದ ದಾಖಲೆಯಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು, ಅಲ್ಲಿಯ ರಾಜಕಾರಣವನ್ನು ಇಲ್ಲಿಂದ ಗಮನಿಸುವ ಪತ್ರಕರ್ತರು ಮತ್ತು ವಿದ್ಯಾರ್ಥಿಗಳು ಇಂತಹ ದಾಖಲೆಗಳನ್ನು ಹೇಗೆ ಓದಬಹುದು ಎಂಬುದೇ ಈ ಬರಹದ ವಿಷಯ. ಪಾಲಿಸಬೇಕಾದ ಕ್ರಮ ಸರಳವಾಗಿದೆ: ಯಾವ ಕಾಗದವನ್ನೂ ಒಂಟಿಯಾಗಿ ಓದಬಾರದು, ಅದರ ಪಕ್ಕದಲ್ಲಿ ಯಾವಾಗಲೂ ಬೇರೊಬ್ಬರು ಅಥವಾ ಬೇರೊಂದು ವರ್ಷ ಬರೆದ ಇನ್ನೊಂದು ಕಾಗದ ಇರಬೇಕು. ಒಬ್ಬರೇ ಪ್ರತಿನಿಧಿಯನ್ನು ಆರಿಸಿಕೊಂಡು ಆರಂಭಿಸುವುದು ಒಳ್ಳೆಯದು. ಮಿಷಿಗನ್‌ನ ಓದುಗರು ಬೇಕಿದ್ದರೆ ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಆಯ್ಕೆಯಾಗಿರುವ ಶ್ರೀ ಥಾನೇದಾರ್ ಅವರ ಕಡತವನ್ನೇ ತೆರೆದು ಅಭ್ಯಾಸ ಮಾಡಬಹುದು. ದಾಖಲೆ ಓದುವುದಕ್ಕೆ ಮುಂಚಿತವಾಗಿ ಅನುಮಾನ ಇರಬೇಕೆಂಬ ನಿಯಮವೇನೂ ಇಲ್ಲ.

ಆಸ್ತಿ ಘೋಷಣೆ: ಎರಡು ವರ್ಷದ್ದು ಒಟ್ಟಿಗೆ

1978ರ ಸರ್ಕಾರಿ ನೈತಿಕತೆಯ ಕಾನೂನಿನ ಪ್ರಕಾರ ಸಂಸತ್ತಿನ ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೊಮ್ಮೆ ಆಸ್ತಿ, ಆದಾಯ, ಸಾಲಗಳ ವಿವರ ಸಲ್ಲಿಸಬೇಕು. ಸಾಮಾನ್ಯ ಗಡುವು ಮೇ 15. ಬೇಡಿದರೆ ಹೆಚ್ಚಿನ ಕಾಲಾವಕಾಶ ಸಿಗುತ್ತದೆ. ಪ್ರತಿನಿಧಿ ಸಭೆಯ ಸದಸ್ಯರದ್ದು ಆ ಸಭೆಯ ಕ್ಲರ್ಕ್ ಕಚೇರಿಯ ಜಾಲತಾಣದಲ್ಲಿದೆ, ಸೆನೆಟರುಗಳದ್ದು ಸೆನೆಟ್‌ನ ಪ್ರತ್ಯೇಕ ತಾಣದಲ್ಲಿದೆ. ಸೆನೆಟ್ ತಾಣದಲ್ಲಿ ಈ ಮಾಹಿತಿಯನ್ನು ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಬಳಸುವುದಿಲ್ಲ ಎಂದು ಒಪ್ಪಿ ಗುರುತು ಹಾಕಿದ ಮೇಲಷ್ಟೇ ಹುಡುಕಾಟ ತೆರೆದುಕೊಳ್ಳುತ್ತದೆ.

ಭಾರತದ ಅಭ್ಯರ್ಥಿಗಳು 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಸಲ್ಲಿಸುವ ಪ್ರಮಾಣಪತ್ರವನ್ನು ಓದಿ ರೂಢಿಯಿರುವವರಿಗೆ ಈ ನಮೂನೆ ಮೊದಲು ನಿರಾಶೆ ತರಬಹುದು. ನಮ್ಮಲ್ಲಿ ರೂಪಾಯಿ ಲೆಕ್ಕದಲ್ಲಿ ಮೊತ್ತ ಬರೆಯಬೇಕು, ಕ್ರಿಮಿನಲ್ ಪ್ರಕರಣಗಳನ್ನೂ ತಿಳಿಸಬೇಕು. ಅಮೆರಿಕದ ನಮೂನೆಯಲ್ಲಿ ಪ್ರಕರಣಗಳಿಗೆ ಅಂಕಣವೇ ಇಲ್ಲ, ಮೌಲ್ಯವನ್ನು 1,001ರಿಂದ 15,000, 15,001ರಿಂದ 50,000, ಮೇಲಕ್ಕೆ ಹೋದಂತೆ 10 ಲಕ್ಷದಿಂದ 50 ಲಕ್ಷ ಡಾಲರ್ ಎಂಬಂತಹ ಅಗಲವಾದ ಶ್ರೇಣಿಗಳಲ್ಲಿ ತೋರಿಸಲಾಗುತ್ತದೆ. ವಾಸದ ಮನೆ ಬಾಡಿಗೆ ತರದಿದ್ದರೆ ಅದರ ಮೌಲ್ಯವನ್ನು ಹೇಳಬೇಕಾಗಿಲ್ಲ. ಆದರೆ ಅದರ ಮೇಲಿನ ಗೃಹಸಾಲವನ್ನು 2012ರ ನಂತರ ಹೇಳಲೇಬೇಕು. ಆದ್ದರಿಂದ ‘ಇವರ ಆಸ್ತಿ ಇಷ್ಟು ಡಾಲರ್’ ಎಂದು ಖಚಿತವಾಗಿ ಬರೆಯುವ ಸುದ್ದಿಯನ್ನು ಕಂಡರೆ, ಆ ಅಂಕಿ ಯಾರೋ ಶ್ರೇಣಿಗಳ ನಡುವಿನ ಬಿಂದು ಹಿಡಿದು ಮಾಡಿದ ಅಂದಾಜು ಎಂದು ತಿಳಿಯಬೇಕು.

ಈ ನಮೂನೆಯ ಪ್ರಯೋಜನ ಇರುವುದು ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆಯಲ್ಲಿ. ಅಳತೆಗೋಲಾಗಿ ಸಂಬಳವನ್ನು ನೆನಪಿಡಿ: ಸಾಮಾನ್ಯ ಸದಸ್ಯರ ವಾರ್ಷಿಕ ಸಂಬಳ 2009ರಿಂದ 1,74,000 ಡಾಲರ್. ನ್ಯೂಯಾರ್ಕ್‌ನ ಜಾರ್ಜ್ ಸ್ಯಾಂಟೋಸ್ 2020ರಲ್ಲಿ ಅಭ್ಯರ್ಥಿಯಾಗಿದ್ದಾಗ ತೋರಿಸಿದ್ದು 55,000 ಡಾಲರಿನ ಸಂಬಳ. 2022ರ ಘೋಷಣೆಯಲ್ಲಿ ತಮ್ಮದೇ ಕಂಪನಿಯಿಂದ 7,50,000 ಡಾಲರ್ ಸಂಬಳ, ಅದರ ಜೊತೆಗೆ 10 ಲಕ್ಷದಿಂದ 50 ಲಕ್ಷದವರೆಗಿನ ಲಾಭಾಂಶ. ಈ ಜಿಗಿತವನ್ನು ಚುನಾವಣೆಗೆ ಮುಂಚೆಯೇ, 2022ರ ಸೆಪ್ಟೆಂಬರ್‌ನಲ್ಲಿ, ಲಾಂಗ್ ಐಲ್ಯಾಂಡ್‌ನ ಒಂದು ಚಿಕ್ಕ ಸ್ಥಳೀಯ ಪತ್ರಿಕೆ ಪ್ರಶ್ನಿಸಿತ್ತು. ದೊಡ್ಡ ಪತ್ರಿಕೆಗಳು ಕಣ್ಣುಬಿಟ್ಟದ್ದು ಅವರು ಗೆದ್ದ ಮೇಲೆ. 2023ರ ಡಿಸೆಂಬರ್ 1ರಂದು ಸಭೆ 311–114 ಮತಗಳಿಂದ ಅವರನ್ನು ಹೊರಹಾಕಿತು.

ತಿದ್ದುಪಡಿ ಮಾಡಿ ಮತ್ತೆ ಸಲ್ಲಿಸಿದ ಪ್ರತಿಗಳನ್ನು ತಪ್ಪದೆ ನೋಡಿ. ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುವುದು ಅವನ್ನೇ. ನ್ಯೂಜೆರ್ಸಿಯ ಸೆನೆಟರ್ ಬಾಬ್ ಮೆನೆಂಡೆಜ್ 2022ರಲ್ಲಿ ತಮ್ಮ ಹಳೆಯ ಘೋಷಣೆಯನ್ನು ತಿದ್ದಿ, ಪತ್ನಿಯ ಹೆಸರಿನಲ್ಲಿ ಒಂದು ಲಕ್ಷ ಡಾಲರ್ ಮೀರಿದ ಚಿನ್ನದ ಗಟ್ಟಿಗಳಿವೆ ಎಂದು ಸೇರಿಸಿದ್ದರು. ಅದೇ ವರ್ಷದ ಜೂನ್‌ನಲ್ಲಿ ಅವರ ಮನೆ ಶೋಧಿಸಿದ ಎಫ್‌ಬಿಐ ಅಧಿಕಾರಿಗಳಿಗೆ ಚಿನ್ನದ ಗಟ್ಟಿಗಳೂ, ಲಕೋಟೆ ಮತ್ತು ಕೋಟಿನ ಜೇಬುಗಳಲ್ಲಿ ತುಂಬಿಟ್ಟ 4,80,000 ಡಾಲರ್ ಮೀರಿದ ನಗದೂ ಸಿಕ್ಕಿದವು. 2024ರ ಜುಲೈನಲ್ಲಿ 16 ಆರೋಪಗಳಲ್ಲಿ ದೋಷಿಯಾದ ಅವರಿಗೆ 2025ರ ಜನವರಿಯಲ್ಲಿ 11 ವರ್ಷಗಳ ಶಿಕ್ಷೆಯಾಯಿತು. ಹೊರಗಿನ ಓದುಗರಿಗೆ ತಿದ್ದುಪಡಿಯೊಂದರಿಂದಲೇ ಇದೆಲ್ಲ ಹೊಳೆಯುವುದು ಸಾಧ್ಯವಿರಲಿಲ್ಲ. ಆದರೂ ಹಿಂದೆ ಮರೆತಿದ್ದ ಆಸ್ತಿ ಈಗೇಕೆ ನೆನಪಾಯಿತು ಎಂದು ಕೇಳಿಕೊಳ್ಳಲು ಅದು ಸಾಕು.

ಷೇರು ವಹಿವಾಟು

2012ರ ಸ್ಟಾಕ್ ಕಾನೂನಿನ ಪ್ರಕಾರ 1,000 ಡಾಲರ್ ಮೀರಿದ ಷೇರು ಖರೀದಿ ಅಥವಾ ಮಾರಾಟವನ್ನು ಸದಸ್ಯರು ಹೆಚ್ಚೆಂದರೆ 45 ದಿನಗಳೊಳಗೆ ತಿಳಿಸಬೇಕು. ಪತ್ನಿ ಅಥವಾ ಪತಿಯ ವಹಿವಾಟೂ ಇದರಲ್ಲಿ ಸೇರುತ್ತದೆ. ತಡವಾದರೆ ದಂಡ 200 ಡಾಲರ್. ಲಕ್ಷಗಟ್ಟಲೆ ಡಾಲರಿನ ಷೇರು ಮಾರುವವರಿಗೆ ಇದು ಕಾಫಿ ಖರ್ಚು ಎಂಬ ಟೀಕೆ ಇದೆ, ನನಗೂ ಹಾಗೆಯೇ ಅನ್ನಿಸುತ್ತದೆ.

ಈ ವರದಿಯನ್ನು ಓದುವಾಗ ವಹಿವಾಟಿನ ದಿನಾಂಕವನ್ನು ಆ ಸದಸ್ಯರ ಸಮಿತಿಯ ಕಲಾಪಪಟ್ಟಿಯ ಪಕ್ಕದಲ್ಲಿಡಿ. ಸೆನೆಟ್‌ನ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬರ್ 2020ರ ಫೆಬ್ರವರಿ 13ರಂದು, ಕೋವಿಡ್‌ನಿಂದ ಪೇಟೆ ಕುಸಿಯುವ ಮೊದಲು, ಒಂದೇ ದಿನ 33 ವಹಿವಾಟುಗಳಲ್ಲಿ ಷೇರು ಮಾರಿದ್ದರು. ಮೊತ್ತ 6,28,000 ಮತ್ತು 17,20,000 ಡಾಲರುಗಳ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು ಎಂಬುದು ಶ್ರೇಣಿಗಳು ಎಷ್ಟು ಅಗಲ ಎಂಬುದಕ್ಕೂ ಉದಾಹರಣೆ. ತನಿಖೆ ನಡೆಸಿದ ನ್ಯಾಯ ಇಲಾಖೆ 2021ರ ಜನವರಿಯಲ್ಲಿ ಆರೋಪ ಹೊರಿಸದೆ ಕಡತ ಮುಚ್ಚಿತು. ಈ ಕೊನೆಯ ವಾಕ್ಯವನ್ನು ಬಿಟ್ಟು ಮೊದಲಿನದ್ದನ್ನಷ್ಟೇ ಹಂಚುವುದು ಅಪ್ರಾಮಾಣಿಕತೆ. ದಿನಾಂಕಗಳು ಹೊಂದಿಬಂದರೆ ಅದು ಪ್ರಶ್ನೆ ಕೇಳಲು ಕಾರಣವಾಗುತ್ತದೆ, ಉತ್ತರ ಬೇರೆ ಕಡೆಯಿಂದ ಬರಬೇಕು.

ಪ್ರಚಾರ ಖಾತೆಯ ಖರ್ಚು

ದೇಣಿಗೆ ಯಾರಿಂದ ಬಂತು ಎಂದು ಎಲ್ಲರೂ ನೋಡುತ್ತಾರೆ. ಹಣ ಎಲ್ಲಿಗೆ ಹೋಯಿತು ಎಂದು ನೋಡುವವರು ಕಡಿಮೆ, ಮತ್ತು ಹೆಚ್ಚು ಸಿಕ್ಕುವುದು ಅಲ್ಲೇ. ಫೆಡರಲ್ ಚುನಾವಣಾ ಆಯೋಗದ, ಅಂದರೆ ಎಫ್‌ಇಸಿಯ, ತಾಣದಲ್ಲಿ ಅಭ್ಯರ್ಥಿಯ ಹೆಸರು ಹುಡುಕಿ ಖರ್ಚಿನ ಪಟ್ಟಿಯನ್ನು ತೆರೆಯಿರಿ, ಅದನ್ನು ಸ್ಪ್ರೆಡ್‌ಶೀಟ್ ಆಗಿ ಇಳಿಸಿಕೊಂಡು ಹಣ ಪಡೆದವರ ಹೆಸರಿನ ಪ್ರಕಾರ ಜೋಡಿಸಿ. ಪಾಲಿಸಬೇಕಾದ ನಿಯಮ ಇಷ್ಟು: ಅಭ್ಯರ್ಥಿಯಾಗದಿದ್ದರೂ ಆ ವ್ಯಕ್ತಿಗೆ ಬರುತ್ತಿದ್ದ ಖರ್ಚನ್ನು ಪ್ರಚಾರದ ಹಣದಿಂದ ಭರಿಸುವಂತಿಲ್ಲ. ಮನೆಬಾಡಿಗೆ, ದಿನಸಿ, ಮಕ್ಕಳ ಶಾಲಾಶುಲ್ಕ, ರಜೆಯ ಪ್ರವಾಸ ಇವೆಲ್ಲ ನಿಷಿದ್ಧ.

ಕ್ಯಾಲಿಫೋರ್ನಿಯಾದ ಡಂಕನ್ ಹಂಟರ್ ಅವರ ಪಟ್ಟಿಯಲ್ಲಿ ವಿಡಿಯೊ ಗೇಮ್ ಮಾರುವ ಸ್ಟೀಮ್ ಎಂಬ ತಾಣಕ್ಕೆ ಪಾವತಿಯಾದ ಸುಮಾರು 1,300 ಡಾಲರಿನ ಸಣ್ಣ ಸಣ್ಣ ಖರ್ಚುಗಳಿದ್ದವು. ಇದು 2016ರಲ್ಲಿ ಬೆಳಕಿಗೆ ಬಂತು. ಎಳೆ ಹಿಡಿದು ಹೋದ ತನಿಖೆ, ಸಾಕಿದ ಮೊಲವನ್ನು ವಿಮಾನದಲ್ಲಿ ಕರೆದೊಯ್ದ ಶುಲ್ಕವನ್ನೂ ಪ್ರಚಾರ ಖಾತೆಯೇ ಭರಿಸಿತ್ತು ಎಂಬಲ್ಲಿಗೆ ಮುಟ್ಟಿತು. 2019ರ ಡಿಸೆಂಬರ್‌ನಲ್ಲಿ ಅವರು ತಪ್ಪೊಪ್ಪಿಕೊಂಡರು, 11 ತಿಂಗಳ ಶಿಕ್ಷೆಯಾಯಿತು, ಅದನ್ನು ಅನುಭವಿಸುವ ಮೊದಲೇ 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರಿಂದ ಕ್ಷಮಾದಾನ ದೊರೆಯಿತು. ಇಲಿನಾಯ್‌ನ ಜೆಸ್ಸಿ ಜಾಕ್ಸನ್ ಜೂನಿಯರ್ ಪ್ರಚಾರದ ಹಣದಿಂದ ಕೊಂಡದ್ದು 43,350 ಡಾಲರಿನ ರೋಲೆಕ್ಸ್ ಗಡಿಯಾರ; 2013ರಲ್ಲಿ ಅವರೂ ಜೈಲು ಸೇರಿದರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಒಂದೇ ಪಕ್ಷದವರ ಕಡತವನ್ನಷ್ಟೇ ತೆರೆಯುವ ಅಭ್ಯಾಸ ನಿಮಗಿದ್ದರೆ, ಇನ್ನೊಂದು ಪಕ್ಷದವರ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿ.

ಮೊತ್ತಗಳ ಆಕಾರವನ್ನೂ ಗಮನಿಸಬೇಕು. 200 ಡಾಲರ್ ಮೀರಿದ ಖರ್ಚಿಗೆ ಪ್ರಚಾರ ಸಮಿತಿ ರಸೀದಿ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಸ್ಯಾಂಟೋಸ್ ಅವರ ಲೆಕ್ಕದಲ್ಲಿ 199.99 ಡಾಲರಿನ ಖರ್ಚುಗಳು ಡಜನ್‌ಗಟ್ಟಲೆ ಇದ್ದವು. ಬೇರೆ ಬೇರೆ ಊರಿನ ಬೇರೆ ಬೇರೆ ಅಂಗಡಿಗಳ ಬಿಲ್ಲು ಪ್ರತಿ ಸಲವೂ ಒಂದು ಸೆಂಟ್ ಕಡಿಮೆಯಾಗಿಯೇ ಬರುವುದನ್ನು ಕಂಡರೆ ನಮ್ಮೂರಿನ ಯಾವ ಗುಮಾಸ್ತನಾದರೂ ಕನ್ನಡಕ ಸರಿಪಡಿಸಿಕೊಂಡು ಎರಡನೇ ಸಲ ನೋಡುತ್ತಿದ್ದ.

‘ನಾಯಕತ್ವ ಸಮಿತಿ’ ಎಂಬ ಇನ್ನೊಂದು ಬಗೆಯ ಖಾತೆಯನ್ನು ಹಲವು ಸದಸ್ಯರು ಇಟ್ಟುಕೊಂಡಿರುತ್ತಾರೆ. ಸಹೋದ್ಯೋಗಿ ಅಭ್ಯರ್ಥಿಗಳಿಗೆ ನೆರವಾಗುವುದು ಅದರ ಹೆಸರಿನ ಉದ್ದೇಶ. ಸ್ವಂತ ಬಳಕೆಯ ನಿಷೇಧ ಈ ಖಾತೆಗೆ ಅನ್ವಯಿಸುವುದಿಲ್ಲ ಎಂಬ ಅರ್ಥವನ್ನು ಎಫ್‌ಇಸಿ ಉಳಿಸಿಕೊಂಡು ಬಂದಿರುವುದರಿಂದ, ಗಾಲ್ಫ್ ರೆಸಾರ್ಟ್ ಮತ್ತು ದುಬಾರಿ ಊಟದ ಬಿಲ್ಲುಗಳು ಸಾಮಾನ್ಯವಾಗಿ ಕಾಣಿಸುವುದು ಇಲ್ಲಿ. ಅಪರಾಧವಲ್ಲ, ಆದರೆ ಎಷ್ಟು ಭಾಗ ಸಹ ಅಭ್ಯರ್ಥಿಗಳಿಗೆ ಹೋಯಿತು, ಎಷ್ಟು ಭಾಗ ಹೋಟೆಲಿಗೆ ಹೋಯಿತು ಎಂಬ ಲೆಕ್ಕವನ್ನು ನೀವೇ ಕೂಡಿಸಿ ನೋಡಬಹುದು.

ದೇಣಿಗೆಯ ಪಟ್ಟಿಯನ್ನು ತಪ್ಪಾಗಿ ಓದದಿರಲು

‘ಇಂತಹ ಕಂಪನಿ ಇವರಿಗೆ ಇಷ್ಟು ಕೊಟ್ಟಿದೆ’ ಎಂಬ ಸಾಲು ಬಹುತೇಕ ಅರ್ಧಸತ್ಯ. ಫೆಡರಲ್ ಅಭ್ಯರ್ಥಿಗಳಿಗೆ ಕಂಪನಿಗಳು ನೇರವಾಗಿ ಹಣ ಕೊಡುವುದನ್ನು 1907ರಿಂದಲೇ ನಿಷೇಧಿಸಲಾಗಿದೆ. ದೇಣಿಗೆ ನೀಡಿದ ವ್ಯಕ್ತಿ ಒಟ್ಟು 200 ಡಾಲರ್ ಮೀರಿದರೆ ತನ್ನ ಹೆಸರು, ವಿಳಾಸ, ಉದ್ಯೋಗದಾತರ ಹೆಸರು ತಿಳಿಸಬೇಕು; ಓಪನ್‌ಸೀಕ್ರೆಟ್ಸ್‌ನಂತಹ ತಾಣಗಳು ಒಂದೇ ಕಂಪನಿಯ ನೌಕರರ ಇಂತಹ ದೇಣಿಗೆಗಳನ್ನೂ ಆ ಕಂಪನಿಗೆ ಸೇರಿದ ರಾಜಕೀಯ ಸಮಿತಿಯ ದೇಣಿಗೆಗಳನ್ನೂ ಒಟ್ಟುಗೂಡಿಸಿ ತೋರಿಸುತ್ತವೆ. ಸಾವಿರಾರು ಎಂಜಿನಿಯರುಗಳು ತಮ್ಮ ಮನಸ್ಸಿಗೆ ಬಂದಂತೆ ಕೊಟ್ಟದ್ದೂ, ಹತ್ತು ಮಂದಿ ಹಿರಿಯ ಅಧಿಕಾರಿಗಳು ಒಂದೇ ದಿನ ಗರಿಷ್ಠ ಮಿತಿಯಷ್ಟು ಕೊಟ್ಟದ್ದೂ ಆ ಮೊತ್ತದಲ್ಲಿ ಒಂದೇ ಸಾಲಾಗುತ್ತದೆ. ಆದ್ದರಿಂದ ಎಫ್‌ಇಸಿಯ ಮೂಲ ಪಟ್ಟಿಗೆ ಹಿಂದಿರುಗಿ ದಿನಾಂಕ ಮತ್ತು ಮೊತ್ತಗಳನ್ನು ನೋಡಬೇಕು. 2025–26ರ ಅವಧಿಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಪ್ರತಿ ಚುನಾವಣೆಗೆ ಕೊಡಬಹುದಾದ ಮಿತಿ 3,500 ಡಾಲರ್. ಪ್ರಾಥಮಿಕ ಚುನಾವಣೆಗೂ ಅಂತಿಮ ಚುನಾವಣೆಗೂ ಬೇರೆ ಬೇರೆ ಲೆಕ್ಕ. ಸಾಧಾರಣ ಸಂಬಳದ ನೌಕರರು ಸಾಲಾಗಿ ಗರಿಷ್ಠ ಮೊತ್ತವನ್ನೇ ಕೊಟ್ಟಿದ್ದರೆ, ಅದು ಮಾಲೀಕನ ಹಣವನ್ನು ಬೇರೆಯವರ ಹೆಸರಲ್ಲಿ ದಾಟಿಸುವ ಬೇನಾಮಿ ದೇಣಿಗೆಯಾಗಿರಬಹುದು. ಅದು ಕಾನೂನಿಗೆ ವಿರುದ್ಧ. ಆಕ್ಟ್‌ಬ್ಲೂ, ವಿನ್‌ರೆಡ್ ಎಂಬ ಹೆಸರುಗಳ ಮುಂದೆ ದೊಡ್ಡ ಮೊತ್ತ ಕಂಡರೆ ಗಾಬರಿಯಾಗಬೇಡಿ, ಅವು ಸಾಮಾನ್ಯ ಜನರ ದೇಣಿಗೆಗಳನ್ನು ಮುಟ್ಟಿಸುವ ಮಧ್ಯವರ್ತಿ ವೇದಿಕೆಗಳು.

ಅಮೆರಿಕದ ಕನ್ನಡಿಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು, ಉದಾಹರಣೆಗೆ ಎಚ್-1ಬಿ ವೀಸಾದ ಮೇಲಿರುವವರು, ಯಾವ ಮಟ್ಟದ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಪರಿಚಯದವರೊಬ್ಬರು ಔತಣಕೂಟ ಏರ್ಪಡಿಸಿ, ‘ನೀವು ನಗದು ಕೊಡಿ, ಚೆಕ್ ನನ್ನ ಹೆಸರಲ್ಲಿ ಬರೆಯುತ್ತೇನೆ’ ಎಂದರೆ ನಯವಾಗಿ ಎದ್ದು ಬನ್ನಿ.

ಕಾಣದ ಕೈಯ ಹಣ

‘ಡಾರ್ಕ್ ಮನಿ’ ಎಂಬ ಪದವನ್ನು ಕನ್ನಡ ಪತ್ರಿಕೆಗಳು ಕೆಲವೊಮ್ಮೆ ಕಪ್ಪುಹಣ ಎಂದು ಬರೆಯುವುದುಂಟು. ಅದು ತಪ್ಪು ಕಲ್ಪನೆಗೆ ದಾರಿಮಾಡುತ್ತದೆ. ಇದು ಲೆಕ್ಕವಿರುವ, ಬಹುಪಾಲು ಕಾನೂನುಬದ್ಧವಾದ ಹಣ. ಕೊಟ್ಟವರ ಹೆಸರು ಮಾತ್ರ ಹೊರಗೆ ಬರುವುದಿಲ್ಲ. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಕಂಪನಿಗಳು ಅಭ್ಯರ್ಥಿಯಿಂದ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದಾಯಿತು. ಸಮಾಜಕಲ್ಯಾಣದ ಹೆಸರಿನಲ್ಲಿ ನೋಂದಾಯಿಸಿದ ಲಾಭರಹಿತ ಸಂಸ್ಥೆಗಳು ತಮ್ಮ ದಾನಿಗಳನ್ನು ಹೇಳಬೇಕಾಗಿಲ್ಲ.

ಓಹಾಯೊ ರಾಜ್ಯದ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್ ಪ್ರಕರಣವನ್ನು ಓದಿದರೆ ಈ ಯಂತ್ರ ಹೇಗೆ ತಿರುಗುತ್ತದೆ ಎಂಬುದು ಅರ್ಥವಾಗುತ್ತದೆ. ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ಸುಮಾರು 6 ಕೋಟಿ ಡಾಲರ್, ‘ಜನರೇಷನ್ ನೌ’ ಎಂಬ ಅಂತಹ ಒಂದು ಸಂಸ್ಥೆಯ ಮೂಲಕ ಹರಿದು, ಅವರ ಬೆಂಬಲಿಗರ ಗೆಲುವಿಗೂ ಅವರ ಸ್ವಂತ ಸಾಲ ತೀರಿಸುವುದಕ್ಕೂ ಬಳಕೆಯಾಯಿತು. ಪ್ರತಿಯಾಗಿ 2019ರಲ್ಲಿ ಎರಡು ಅಣುವಿದ್ಯುತ್ ಸ್ಥಾವರಗಳನ್ನು ಉಳಿಸಲು ಗ್ರಾಹಕರ ಬಿಲ್ಲಿನಿಂದ ಹಣ ವಸೂಲಿ ಮಾಡುವ ಕಾನೂನು ಬಂತು. 2023ರ ಜೂನ್‌ನಲ್ಲಿ ಅವರಿಗೆ 20 ವರ್ಷಗಳ ಶಿಕ್ಷೆಯಾಯಿತು. ಹೊರಗಿನ ಓದುಗನ ಕೈಗೆ ಇಂತಹ ಪ್ರಕರಣದಲ್ಲಿ ಪೂರ್ಣ ಪುರಾವೆ ಸಿಗುವುದಿಲ್ಲ. ಮಸೂದೆಯಿಂದ ಯಾರಿಗೆ ಲಾಭ ಎಂದು ಮೊದಲು ಬರೆದುಕೊಂಡು, ಆ ಅವಧಿಯಲ್ಲಿ ಟಿವಿ ಜಾಹೀರಾತಿಗೆ ಹಣ ಸುರಿದ ಹೊಸ ಸಂಸ್ಥೆಗಳ ನೋಂದಣಿ ವಿಳಾಸ, ವಕೀಲರು, ಖಜಾಂಚಿ ಯಾರು ಎಂದು ಹುಡುಕುವುದಷ್ಟೇ ಸಾಧ್ಯ. ರಾಜ್ಯ ಶಾಸಕರು ಮತ್ತು ರಾಜ್ಯಪಾಲರ ಲೆಕ್ಕಗಳು ಎಫ್‌ಇಸಿಯಲ್ಲಿ ಇರುವುದಿಲ್ಲ, ಆಯಾ ರಾಜ್ಯದ ಚುನಾವಣಾ ಕಚೇರಿಯಲ್ಲಿ ನೋಡಬೇಕು. (ಅಲ್ಲಿಯ ರಾಜ್ಯಪಾಲರು ಜನರಿಂದ ಚುನಾಯಿತರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳಂತೆ.)

ಗುತ್ತಿಗೆ ಮತ್ತು ಲಾಬಿ

ಇದನ್ನು ಚಿಕ್ಕದಾಗಿ ಹೇಳಬಹುದು. ಲಾಬಿ ಸಂಸ್ಥೆಗಳು ಯಾರ ಪರವಾಗಿ, ಯಾವ ಮಸೂದೆಯ ಬಗ್ಗೆ ಕೆಲಸ ಮಾಡಿದವು ಎಂದು ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸುತ್ತವೆ. ಸರ್ಕಾರಿ ಗುತ್ತಿಗೆಗಳ ಮೊತ್ತ ಯುಎಸ್‌ಎಸ್ಪೆಂಡಿಂಗ್ ತಾಣದಲ್ಲಿ ಕಂಪನಿಯ ಹೆಸರಿನಡಿ ಸಿಗುತ್ತದೆ. 2021ರಿಂದ ಮತ್ತೆ ಜಾರಿಗೆ ಬಂದಿರುವ ಕ್ಷೇತ್ರವಾರು ಅನುದಾನಗಳಿಗೆ ಸದಸ್ಯರು, ‘ಇದರಲ್ಲಿ ನನಗಾಗಲಿ ನನ್ನ ಕುಟುಂಬಕ್ಕಾಗಲಿ ಹಣಕಾಸಿನ ಹಿತಾಸಕ್ತಿಯಿಲ್ಲ’ ಎಂದು ಬರೆದುಕೊಡಬೇಕು. ಆ ಪತ್ರವನ್ನು ಆಸ್ತಿ ಘೋಷಣೆಯ ಜಮೀನಿನ ಸಾಲುಗಳ ಪಕ್ಕದಲ್ಲಿಟ್ಟು, ಹೊಸ ರಸ್ತೆ ಯಾರ ಜಮೀನಿನ ಪಕ್ಕ ಹಾದುಹೋಗುತ್ತದೆ ಎಂದು ನಕ್ಷೆಯಲ್ಲಿ ನೋಡಿ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

ಇಷ್ಟೆಲ್ಲ ಕೂಡಿಸಿದ ಮೇಲೆ ‘ಭ್ರಷ್ಟ’ ಎಂಬ ಪದವನ್ನು ಬರೆಯುವ ಮೊದಲು ಎರಡು ತೀರ್ಪುಗಳನ್ನು ತಿಳಿದಿರಬೇಕು. ವರ್ಜೀನಿಯಾದ ರಾಜ್ಯಪಾಲರಾಗಿದ್ದ ಬಾಬ್ ಮೆಕ್‌ಡಾನೆಲ್ ಒಬ್ಬ ಉದ್ಯಮಿಯಿಂದ 1,75,000 ಡಾಲರ್ ಮೀರಿದ ಉಡುಗೊರೆ ಮತ್ತು ಸಾಲ ಪಡೆದಿದ್ದರು, ಅವರಿಗಾಗಿ ಅಧಿಕಾರಿಗಳ ಭೇಟಿಗಳನ್ನು ಏರ್ಪಡಿಸಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಭೇಟಿ ಮಾಡಿಸುವುದು, ಸಭೆ ಕರೆಯುವುದಷ್ಟೇ ‘ಅಧಿಕೃತ ಕಾರ್ಯ’ ಆಗುವುದಿಲ್ಲ ಎಂಬುದು ಅದರ ನಿಲುವು. 2024ರಲ್ಲಿ ಇಂಡಿಯಾನಾದ ಪೋರ್ಟೇಜ್ ಪಟ್ಟಣದ ಮೇಯರ್ ಆಗಿದ್ದ ಜೇಮ್ಸ್ ಸ್ನೈಡರ್ ಪ್ರಕರಣದಲ್ಲಿ, ಕಸದ ಟ್ರಕ್ಕುಗಳ ಗುತ್ತಿಗೆ ಕೊಟ್ಟ ನಂತರ ಆ ಕಂಪನಿಯಿಂದ ಪಡೆದ 13,000 ಡಾಲರ್, ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳಿಗೆ ಅನ್ವಯಿಸುವ ಫೆಡರಲ್ ಲಂಚದ ಕಾನೂನಿನಡಿ ಅಪರಾಧವಲ್ಲ ಎಂದು ಅದೇ ನ್ಯಾಯಾಲಯ 6–3ರಿಂದ ಹೇಳಿತು. ಕೆಲಸಕ್ಕೆ ಮುಂಚೆ ಒಪ್ಪಿಕೊಂಡರೆ ಲಂಚ, ಕೆಲಸವಾದ ಮೇಲೆ ಸಂತೋಷಕ್ಕೆ ಕೊಟ್ಟರೆ ಬೇರೆ. ‘ಖುಷಿಗೆ ಕೊಡ್ರಿ’ ಎಂಬ ಮಾತನ್ನು ಕಚೇರಿಗಳ ಕಟ್ಟೆಯಲ್ಲಿ ಕೇಳಿದ ಯಾರಿಗೂ ಈ ವ್ಯತ್ಯಾಸ ಒಪ್ಪಿಗೆಯಾಗಲಾರದು, ನನಗೂ ಆಗಿಲ್ಲ. ಆದರೆ ಬರೆಯುವಾಗ ಮೂರು ಸಂಗತಿಗಳನ್ನು ಬೇರೆ ಬೇರೆ ಪದಗಳಲ್ಲಿ ಹೇಳಬೇಕು: ನ್ಯಾಯಾಲಯದಲ್ಲಿ ಸಾಬೀತಾದದ್ದು, ಸಭೆಯ ನಿಯಮವನ್ನು ಮುರಿದದ್ದು, ಯಾವ ನಿಯಮವನ್ನೂ ಮುರಿಯದೆ ನಮ್ಮ ಕಣ್ಣಿಗೆ ಸರಿಕಾಣದ್ದು.

ಮೊದಲನೆಯದಕ್ಕೆ ಆಧಾರ ಬೇಕಾದರೆ ಫೆಡರಲ್ ನ್ಯಾಯಾಲಯಗಳ ಪೇಸರ್ ತಾಣದಲ್ಲಿ ಆರೋಪಪಟ್ಟಿಯನ್ನೇ ಓದಿ. ಪುಟಕ್ಕೆ 10 ಸೆಂಟ್ ಶುಲ್ಕವಿದೆ, ಮೂರು ತಿಂಗಳಲ್ಲಿ 30 ಡಾಲರ್ ಒಳಗಿದ್ದರೆ ಮನ್ನಾ. ಆರೋಪಪಟ್ಟಿ ಸರ್ಕಾರದ ಪಕ್ಷದ ವಾದ ಎಂಬುದನ್ನು ಮರೆಯದೆ, ಪ್ರಕರಣ ಎಲ್ಲಿ ಮುಗಿಯಿತು ಎಂಬಲ್ಲಿಯವರೆಗೂ ಓದಿ.

ದೂರು ಕೊಡುವುದು

ಪ್ರಚಾರ ಹಣದ ನಿಯಮ ಮುರಿದಿರುವಂತೆ ಕಂಡರೆ ಎಫ್‌ಇಸಿಗೆ ಯಾರು ಬೇಕಾದರೂ ದೂರು ಕೊಡಬಹುದು. ಮತದಾರರಾಗಿರಬೇಕೆಂಬ ಷರತ್ತಿಲ್ಲ, ದೇಣಿಗೆ ಕೊಡಲಾಗದ ವೀಸಾದವರೂ ಕೊಡಬಹುದು. ದೂರು ಬರವಣಿಗೆಯಲ್ಲಿರಬೇಕು, ನಿಮ್ಮ ಹೆಸರು, ವಿಳಾಸ, ಸಹಿ ಇರಬೇಕು, ನೋಟರಿಯ ಮುಂದೆ ಪ್ರಮಾಣ ಮಾಡಿರಬೇಕು. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುವಿರಿ. ನೀವೇ ಕಂಡದ್ದು ಯಾವುದು, ಬೇರೆಡೆ ಓದಿದ್ದು ಯಾವುದು ಎಂದು ವಿಂಗಡಿಸಿ ಬರೆಯಿರಿ, ಪ್ರತಿ ಅಂಕಿಯ ಎದುರಿಗೂ ವರದಿಯ ದಿನಾಂಕ ಹಾಕಿ. ಪ್ರತಿನಿಧಿ ಸಭೆಯ ಸದಸ್ಯರ ನಡವಳಿಕೆಯ ಬಗ್ಗೆಯಾದರೆ 2008ರಲ್ಲಿ ಸ್ಥಾಪನೆಯಾಗಿ 2025ರಲ್ಲಿ ಹೆಸರು ಬದಲಾಯಿಸಿಕೊಂಡ, ಈಗ ಸಂಸದೀಯ ನಡವಳಿಕೆಯ ಕಚೇರಿ ಎನ್ನಬಹುದಾದ ಸಂಸ್ಥೆಗೆ ಮಾಹಿತಿ ಕಳಿಸಬಹುದು. ಸೆನೆಟ್‌ಗೆ ಇಂತಹ ಸ್ವತಂತ್ರ ಕಚೇರಿ ಇಲ್ಲ, ಸೆನೆಟರುಗಳೇ ಇರುವ ನೈತಿಕ ಸಮಿತಿಗೆ ಬರೆಯಬೇಕು.

ಬೇಗ ಉತ್ತರ ಬರುವುದೆಂದು ಕಾಯಬೇಡಿ. ಎಫ್‌ಇಸಿಯಲ್ಲಿ ಆರು ಸದಸ್ಯಸ್ಥಾನಗಳಿವೆ, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ, ಯಾವುದೇ ಕ್ರಮಕ್ಕೆ ನಾಲ್ಕು ಮತ ಬೇಕು. 3–3ರಲ್ಲಿ ನಿಂತುಹೋದ ಕಡತಗಳು ಹಲವು, 2025ರಲ್ಲಿ ಸ್ಥಾನಗಳು ಖಾಲಿಯಾಗಿ ಕೋರಂ ಕೂಡ ಇಲ್ಲದಾಯಿತು. ದೂರು ತಲುಪಿದ ಐದು ದಿನಗಳೊಳಗೆ ಎದುರು ಪಕ್ಷಕ್ಕೆ ಪ್ರತಿ ಹೋಗುತ್ತದೆ, ಉತ್ತರಿಸಲು ಅವರಿಗೆ 15 ದಿನಗಳಿರುತ್ತವೆ, ಕಡತ ಮುಚ್ಚುವವರೆಗೆ ಆಯೋಗ ಏನನ್ನೂ ಬಹಿರಂಗಪಡಿಸುವುದಿಲ್ಲ. ಮುಚ್ಚಿದ ಮೇಲೆ ದೂರು, ಉತ್ತರ, ವಕೀಲರ ವರದಿ ಎಲ್ಲವೂ ಅದೇ ತಾಣದಲ್ಲಿ ಪ್ರಕಟವಾಗುತ್ತವೆ. ಹೀಗಾಗಿ ನಿಮ್ಮ ದೂರನ್ನು ಬರೆಯಲು ಕುಳಿತುಕೊಳ್ಳುವ ಮೊದಲು, ನಿಮ್ಮ ಪ್ರತಿನಿಧಿಯ ಹೆಸರಿನಲ್ಲಿ ಈಗಾಗಲೇ ಮುಚ್ಚಿದ ಕಡತವೇನಾದರೂ ಇದೆಯೇ ಎಂದು ಅಲ್ಲಿ ಹುಡುಕಿ, ಇದ್ದರೆ ಅವರು ಕೊಟ್ಟ ಉತ್ತರವನ್ನು ಮೊದಲು ಓದಿಕೊಳ್ಳಿ.